ಮೂರನೆಯ ಪಟ್ಟಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಇಪ್ಪತ್ತೆರಡು ಬೈಕುಗಳು ಹೊರಟವು. ಎರಡು ಹದಿನಾಲ್ಕಕ್ಕೆ, ಮೂರನೆಯ ಸುತ್ತು ನಡೆದಿರುವಾಗ, ಐವತ್ತೇಳನೇ ನಂಬರಿನ ಬೈಕಿನ ಮೆಕ್ಯಾನಿಕ್‌ಗೆ ತಾನು ರೇಡಿಯೇಟರಿನ ಮೇಲಿದ್ದ ಮೂರನೆಯ ಟೇಪು ಪಟ್ಟಿಯನ್ನು ಕಿತ್ತಿದ್ದೆನೋ ಇಲ್ಲವೋ ಎಂಬುದು ನೆನಪಿಗೆ ಬರಲಿಲ್ಲ.

ಅವನು ಆಗ ಹಳೆಯ ಟೈರುಗಳ ರಾಶಿಗೆ ಒರಗಿಕೊಂಡು ನೀರು ಕುಡಿಯುತ್ತಿದ್ದ. ಬಾಟಲಿ ಕೆಳಗಿಡಲು ಬಗ್ಗಿದಾಗ ಬಲತೊಡೆಯ ಮೇಲೆ ಬಟ್ಟೆ ಬಿಗಿಯಿತು. ಪ್ಯಾಂಟಿಗೆ ಅಂಟಿಸಿಕೊಂಡಿದ್ದ ಟೇಪು. ಅದು ಅವನ ಅಭ್ಯಾಸ. ಬೆಳಗಿನ ಚಳಿಯಲ್ಲಿ ಇಂಜಿನ್ ಬೇಗ ಬಿಸಿಯಾಗುವುದಿಲ್ಲ. ತಣ್ಣಗಿರುವ ಇಂಜಿನನ್ನು ಹಿಂಡಿ ಓಡಿಸಿದರೆ ಅದು ಒಳಗೊಳಗೇ ಸವೆಯುತ್ತದೆ. ಅದಕ್ಕೆಂದು ರೇಡಿಯೇಟರಿನ ಕೆಳಭಾಗಕ್ಕೆ ಅಂಗೈಯಗಲದ ಕಪ್ಪು ಟೇಪನ್ನು ಅಡ್ಡಡ್ಡವಾಗಿ ಅಂಟಿಸಿ ಗಾಳಿ ತಡೆಯುತ್ತಾರೆ. ಬಿಸಿಲೇರಿದಂತೆ ಒಂದೊಂದಾಗಿ ಕಿತ್ತು ತೆಗೆಯುತ್ತಾರೆ. ಕಿತ್ತದ್ದನ್ನು ಉಳಿದವರೆಲ್ಲ ಕಸದ ಡಬ್ಬಿಗೆ ಎಸೆಯುವವರು. ಅವನು ತೊಡೆಗೆ ಅಂಟಿಸಿಕೊಳ್ಳುವವನು. ಹಾಕಿದಷ್ಟೇ ಪಟ್ಟಿಗಳು ತೊಡೆಯ ಮೇಲಿದ್ದರೆ ಲೆಕ್ಕ ಸರಿಯಾಯಿತು, ಬೈಕು ಹೊರಡಬಹುದು. ಬೆಳಗ್ಗೆ ಏಳಕ್ಕೆ, ಹೊರಗೆ ಹದಿನೈದು ಡಿಗ್ರಿ ಇದ್ದಾಗ, ಮೂರು ಪಟ್ಟಿ ಹಾಕಿದ್ದ. ಈಗ ಹೊರಗೆ ಮೂವತ್ತಮೂರು. ತೊಡೆಯ ಮೇಲೆ ಎರಡು ಪಟ್ಟಿಗಳಿದ್ದವು.

ಎಡತೊಡೆ ನೋಡಿದ. ಹಿಂದಿನ ಜೇಬು, ಮುಂದಿನ ಜೇಬು, ಷರ್ಟಿನ ತೋಳು. ಬೂಟು ಎತ್ತಿ ಅಡಿ ನೋಡಿದ. ಅಲ್ಲಿ ಒಂದು ಪೇಪರ್ ಲೋಟದ ಚೂರು ಅಂಟಿತ್ತು. ಉಪಕರಣದ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಸದ ಡಬ್ಬಿಗೆ ಕೈ ಹಾಕಿದ: ಬಾಳೆಹಣ್ಣಿನ ಸಿಪ್ಪೆ, ಎಣ್ಣೆ ಒರೆಸಿದ ಚಿಂದಿ, ಪಕ್ಕದವರು ಎಸೆದ ಟೇಪಿನ ಮುದ್ದೆ, ಬೆಳ್ಳಿ ಬಣ್ಣದ್ದು. ತನ್ನದು ಕಪ್ಪು. ಹೆಬ್ಬೆರಳಿನ ಉಗುರು ಪಟ್ಟಿಯ ಅಂಚಿನ ಕೆಳಗೆ ಹೋದದ್ದು, ಬಿಸಿಗೆ ಕರಗಿದ ಅಂಟು ನೂಲುನೂಲಾಗಿ ಎದ್ದದ್ದು, ಪಟ್ಟಿ ಪರ್ರೆಂದು ಬಿಟ್ಟುಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದು ಇವತ್ತಿನದೋ, ಹದಿನೈದು ದಿನದ ಹಿಂದಿನದೋ? ಮೂರು ವರ್ಷದಿಂದ ಇದೇ ಕೈ ಇದೇ ಜಾಗದಿಂದ ಇಂಥದೇ ಪಟ್ಟಿ ಕೀಳುತ್ತಿದೆ. ಕೈಯ ನೆನಪಿನಲ್ಲಿ ತಾರೀಖು ಇರುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಓಡುವವರನ್ನು ಕಂಡು ಅವನು ನಕ್ಕಿದ್ದುಂಟು. ಅವರಿಗಾದರೋ ಬಾಗಿಲು ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಬಾಗಿಲೇ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಸುತ್ತು ಹಾಕುತ್ತಿತ್ತು, ಅದರ ಮೇಲೆ ಅವನ ಅಕ್ಕನ ಗಂಡ ಕೂತಿದ್ದರು.

ಬೈಕುಗಳ ಸದ್ದು ಕೊನೆಯ ತಿರುವಿನಿಂದ ಎದ್ದು ಬಂತು. ಅಕ್ಕ ಅಡ್ಡಗೋಡೆಯ ಹತ್ತಿರ ನಿಂತು, ಕೊರಳಿಗೆ ದುರ್ಬೀನು, ಎಡಗೈಯಲ್ಲಿ ಸ್ಟಾಪ್‌ವಾಚು, ಬಲಗೈಯಲ್ಲಿ ಬೋರ್ಡು ಹಿಡಿದಿದ್ದಳು. ವಾರದಲ್ಲಿ ಐದು ದಿನ ಶಾಲೆಯಲ್ಲಿ ಗಣಿತ ಹೇಳುವವಳು; ಆರನೆಯ, ಏಳನೆಯ ದಿನ ಗಂಡನಿಗೆ ಬೋರ್ಡು ತೋರಿಸುವವಳು. ಬೋರ್ಡಿನಲ್ಲಿ ಅವಳು ತೂರಿಸಿದ ಅಂಕಿ ಐದು. ಐದನೇ ಸ್ಥಾನ. ಇವತ್ತು ಆರರೊಳಗೆ ಬಂದರೆ ಭಾವ ಈ ವರ್ಷದ ಅಂತಿಮ ಪಂದ್ಯಕ್ಕೆ ಹೋಗುತ್ತಾರೆ. ಬರದಿದ್ದರೆ ಈ ವರ್ಷಕ್ಕೆ ಮುಗಿಯಿತು. ಭಾವನಿಗೆ ಮೂವತ್ತೆಂಟು ತುಂಬಿದ್ದರಿಂದ, ಎಂದೆಂದಿಗೂ ಮುಗಿಯಿತು. ಹಾಗೆಂದು ಅವರೇ ಅಕ್ಕನಿಗೆ ಮಾತು ಕೊಟ್ಟಿದ್ದರು, ಊಟದ ಮೇಜಿನ ಮುಂದೆ, ಅವನೂ ಎದುರಿಗಿದ್ದಾಗ. "ಆರರೊಳಗೆ ಬರಲಿಲ್ಲ ಅಂದ್ರೆ ಹೆಲ್ಮೆಟ್ಟಲ್ಲಿ ಗಿಡ ನೆಡು, ಸಾಕಾ?" ಅಂದಿದ್ದರು. ಅಕ್ಕ ನಗಲಿಲ್ಲ. "ಯಾವ ಗಿಡ ಅಂತ ನಾನು ನೋಡ್ಕೋತೀನಿ" ಅಂದಿದ್ದಳು.

ಐವತ್ತೇಳು ಎದುರಿಗೆ ಹಾದುಹೋಯಿತು. ಮುಂದಿನ ಚಕ್ರದ ಹಿಂದೆ, ಫೈಬರ್ ಹೊದಿಕೆಯ ಬಾಯಿಯೊಳಗೆ ಇರುವ ರೇಡಿಯೇಟರ್ ಪಕ್ಕದಿಂದ ಕಾಣುವುದಿಲ್ಲ. ಅವನಿಗೆ ಕಂಡದ್ದು ಇನ್ನೊಂದು: ಭಾವ ನಾಲ್ಕನೆಯವನ ಬಾಲಕ್ಕೆ ಅಂಟಿಕೊಂಡು ಹೋಗುತ್ತಿದ್ದರು. ಅದು ಅವರ ಹಳೆಯ ಯುಕ್ತಿ. ಮುಂದಿನವನ ಮರೆಯಲ್ಲಿ ಗಾಳಿಯ ತಡೆ ಕಡಿಮೆ, ವೇಗ ಪುಕ್ಕಟೆ ಸಿಗುತ್ತದೆ. ಆದರೆ ಮುಂದಿನವನ ಇಂಜಿನ್ ಉಗುಳಿದ ಬಿಸಿಗಾಳಿಯನ್ನೇ ಹಿಂದಿನವನ ರೇಡಿಯೇಟರ್ ಉಸಿರಾಡಬೇಕು. ಪಟ್ಟಿ ಇಲ್ಲದೆ ಈ ಬಿಸಿಲಿಗೆ ತೊಂಬತ್ತೆರಡು ಡಿಗ್ರಿ. ಒಂದು ಪಟ್ಟಿ ಉಳಿದಿದ್ದರೆ ಇನ್ನೈದು. ಹೀಗೆ ಬಾಲ ಹಿಡಿದು ಹೋದರೆ ಇನ್ನೊಂದು ಹತ್ತು. ನೂರ ಏಳು, ಸುತ್ತು ಸುತ್ತಿಗೂ ಅದು ಏರುತ್ತಲೇ ಇರುತ್ತದೆ. ನೂರ ಹದಿನೈದು ದಾಟಿದರೆ ಇಂಜಿನಿನ ನೀರು ಸೋರದಂತೆ ತಡೆಯುವ ಹೆಡ್ಡಿನ ಗ್ಯಾಸ್ಕೆಟ್ ಬಾಯಿಬಿಡಬಹುದು, ಕುದಿನೀರು ಹಿಂದಿನ ಟೈರಿನ ಮೇಲೆ ಬೀಳಬಹುದು, ಆಮೇಲೆ ಯಾವ ತಿರುವು ಸಿಕ್ಕಿತು ಎನ್ನುವುದರ ಮೇಲೆ ಎಲ್ಲವೂ. ಭಾವ ತಾವಾಗಿಯೇ ನೋಡಿ ಎಚ್ಚರವಾಗುವ ಹಾಗೂ ಇರಲಿಲ್ಲ. ಬೈಕಿನ ಮುಂದೆ ಉಷ್ಣತೆ ತೋರಿಸುವ ಅಂಕಿಯ ಮೇಲೆ ಅವರೇ ಟೇಪು ಹಾಕಿಸಿದ್ದರು. ಹೋದ ವರ್ಷ ಆ ಅಂಕಿ ನೋಡುತ್ತ ಮೂರು ಕಡೆ ಬ್ರೇಕು ತಡವಾಗಿತ್ತು. "ಅದನ್ನ ನೋಡೋದು ನಿನ್ನ ಕೆಲಸ. ಓಡಿಸೋದು ನನ್ನ ಕೆಲಸ. ನಾನು ನಿನ್ನ ಕೆಲಸ ಮಾಡಲ್ಲ, ನೀನು ನನ್ನ ಕೆಲಸ ಮಾಡ್ಬೇಡ" ಎಂದಿದ್ದರು.

"ಏನೋ ಕಳ್ಕೊಂಡ್ಯಾ ಬಿಸ್ನೀರು?" ಬೈಕುಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಪಿಟ್ಟುಗಳ ಸಾಲಿನಲ್ಲಿ ಪಕ್ಕದ ಮೆಕ್ಯಾನಿಕ್ ಕೇಳಿದ. ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು, ಬಾಯಿಗೆ ಸ್ವಿಚ್ ಇಲ್ಲದ್ದರಿಂದ. ಬಿಸ್ನೀರು ಎಂಬ ಹೆಸರನ್ನು ಇವನಿಗೆ ಇಟ್ಟವನೂ ಅವನೇ. ಹೋದ ವರ್ಷ ಇದೇ ಜಾಗದಲ್ಲಿ, ಭಾವ ಮೂರನೇ ಸ್ಥಾನದಲ್ಲಿದ್ದಾಗ, ಬೈಕಿನ ಹೊಟ್ಟೆಯ ಕೆಳಗೆ ನೀರು ಹೊಳೆದದ್ದನ್ನು ಕಂಡು, ಇಂಜಿನಿನ ಬಿಸಿನೀರು ಸೋರುತ್ತಿದೆಯೆಂದು ಇವನು ಅವರನ್ನು ಒಳಗೆ ಕರೆಸಿದ್ದ. ಬೆಳಗ್ಗೆ ಬೈಕು ತೊಳೆದಾಗ ಹೊದಿಕೆಯ ಮಡಿಕೆಯಲ್ಲಿ ನಿಂತಿದ್ದ ನೀರು ಅದು. ಭಾವ ಹೆಲ್ಮೆಟ್ ತೆಗೆದು, ಆ ನೀರಿಗೆ ಬೆರಳು ಅದ್ದಿ, ಬೆರಳನ್ನು ಇವನ ಷರ್ಟಿನ ಭುಜಕ್ಕೆ ಒರೆಸಿದ್ದರು. ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಅದು ಅಂದಿಗೇ ಮುಗಿದುಹೋಗುತ್ತಿತ್ತು.

"ಹತ್ತು ಎಂಎಂ ಸ್ಪ್ಯಾನರ್" ಎಂದ ಇವನು.

"ಪ್ರಪಂಚದಲ್ಲಿ ಯಾರಿಗೂ ಹತ್ತು ಎಂಎಂ ಸ್ಪ್ಯಾನರ್ ಸಿಕ್ಕಿಲ್ಲ ಕಣಯ್ಯ. ದೇವರೇ ತಗೊಂಡ್ಹೋಗಿ ಬಚ್ಚಿಟ್ಕೊಂಡಿದಾನೆ. ಬೇಕಾದ್ರೆ ನಂದು ತಗೋ."

ಬೇಡದ ಸ್ಪ್ಯಾನರನ್ನು ಇಸಿದುಕೊಂಡು ಕೈಯಲ್ಲಿ ಹಿಡಿದು ನಿಂತ. ಒಂದೂವರೆಗೆ ಏನಾಯಿತು? ಹನ್ನೆರಡಕ್ಕೆ ಎರಡು ಪಟ್ಟಿ ಕಿತ್ತಿದ್ದ, ಅದು ನಿಶ್ಚಯ. ಒಂದನ್ನು ಉಳಿಸಿದ್ದು ಬೇಕೆಂದೇ. ಓಟಕ್ಕೆ ಮುಂಚೆ ಇಂಜಿನ್ ಒಂದು ಹದಕ್ಕೆ ಬಿಸಿಯಾಗಲಿ, ಆಮೇಲೆ ಕೀಳೋಣವೆಂದು. ಇಂಜಿನ್ ಹಚ್ಚಿದ. ಉಷ್ಣತೆಯ ಅಂಕಿ ಎಪ್ಪತ್ತಕ್ಕೆ ಬಂತು. ಆರಿಸಿದ. ಕೀಳಲು ಮೊಣಕಾಲೂರಿದ. ಆಗ ತಪಾಸಣೆಯ ಹಿರಿಯರು ಬಂದರು, ಕಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಓಟದ ಬೈಕಿಗೆ ಬರೀ ನೀರು ಹಾಕಬೇಕೆಂದು ನಿಯಮ. ಅಂಗಡಿಯಲ್ಲಿ ಸಿಗುವ ಹಸಿರು ದ್ರವ ಇಂಜಿನಿಗೆ ಒಳ್ಳೆಯದಾದರೂ ರಸ್ತೆಗೆ ಚೆಲ್ಲಿದರೆ ಹಿಂದೆ ಬರುವವರೆಲ್ಲ ಜಾರಿ ಬೀಳುತ್ತಾರೆ. "ಬರೀ ನೀರು ತಾನೆ?" ಎಂದರು. ಹೌದು ಸಾರ್ ಎಂದ. ಅವರು ಮುಚ್ಚಳ ತೆಗೆಸಿದರು. "ಬೆರಳು ಅದ್ದು." ಅದ್ದಿದ. ಎಪ್ಪತ್ತು ಡಿಗ್ರಿಯ ನೀರು. "ಉಜ್ಜು. ಜಾರುತ್ತಾ?" ಇಲ್ಲ ಸಾರ್. "ಕೇಳಿಸ್ಲಿಲ್ಲ." ಜಾರಲ್ಲ ಸಾರ್. ಪಕ್ಕದಿಂದ ರೇಡಿಯೋ, "ಬಿಸ್ನೀರಲ್ಲಿ ಬೆರಳು ಅದ್ದಿ ಪ್ರಮಾಣ ಮಾಡಿಸ್ತಿದಾರೆ ನೋಡ್ರೋ" ಎಂದು ನಾಲ್ಕು ಪಿಟ್ಟಿಗೆ ಕೇಳುವ ಹಾಗೆ ಕೂಗಿದ. ಹಿರಿಯರೂ ನಕ್ಕರು. ಅವನೂ ನಕ್ಕ. ಅವರು ಹೋದ ಮೇಲಿನ ಐದು ನಿಮಿಷ ಅವನ ನೆನಪಿನಲ್ಲಿ ಇಲ್ಲವೇ ಇಲ್ಲ. ಆ ಐದು ನಿಮಿಷವೂ ಅವನು ಮನಸ್ಸಿನಲ್ಲಿ ರೇಡಿಯೋಗೆ ಉತ್ತರ ಹೇಳುತ್ತಿದ್ದ, ಒಂದಕ್ಕಿಂತ ಒಂದು ಚುರುಕಾದ ಉತ್ತರ, ಹಿರಿಯರೂ ತಲೆತಗ್ಗಿಸುವಂಥದ್ದು. ಆ ಹೊತ್ತಿನಲ್ಲಿ ಕೈ ಏನು ಮಾಡಿತೋ. ಮುಚ್ಚಳ ಮುಚ್ಚಿತ್ತು, ಅದು ಗೊತ್ತು, ಬೆರಳಿನ ತುದಿ ಈಗಲೂ ಚುರುಗುಟ್ಟುತ್ತಿತ್ತು.

ಆರನೇ ಸುತ್ತು. ಬೋರ್ಡಿನಲ್ಲಿ ಐದು. ಏಳನೇ ಸುತ್ತು. ಭಾವ ಇನ್ನೂ ಬಾಲ ಬಿಟ್ಟಿರಲಿಲ್ಲ. ಹದಿನಾರು ಸುತ್ತಿನ ಓಟ. ಅವನಿಗೆ ಈಗ ಸದ್ದಿನಲ್ಲೂ ಏನೋ ಕೇಳಿಸತೊಡಗಿತು, ಒಂದು ಒಣಗಿದ ಗಂಟಲಿನ ಕರಕರ. ಮರುಸುತ್ತಿನಲ್ಲಿ ಅದು ಇರಲಿಲ್ಲ. ಹೇಳಿಬಿಡುವುದು ಸುಲಭ. ಅಕ್ಕಾ, ಟೇಪು ಬಿಟ್ಟಿದೀನೋ ಏನೋ. ಏನೋ! ಬೋರ್ಡಿನಲ್ಲಿ 'ಏನೋ' ಎಂಬುದಕ್ಕೆ ಜಾಗವಿಲ್ಲ. ಅಲ್ಲಿರುವುದು ಅಂಕಿಗಳು ಮತ್ತು ಒಂದು ಕೆಂಪು ಬಾಣ, ಒಳಗೆ ಬಾ ಎನ್ನುವ ಬಾಣ. ಭಾವ ಬಂದು ನಿಂತು, ಪಟ್ಟಿ ಇರದೇ ಹೋದರೆ? ಎರಡನೇ ಸಲ. ಆಮೇಲೆ ಅವನಿಗೆ ಈ ಪಿಟ್ಟಿನಲ್ಲಷ್ಟೇ ಅಲ್ಲ, ಅಕ್ಕನ ಮನೆಯ ಊಟದ ಮೇಜಿನಲ್ಲೂ ಜಾಗವಿರುವುದಿಲ್ಲ. ಇರುತ್ತದೆ, ಆದರೆ ಭಾವ ಉಪ್ಪಿನ ಡಬ್ಬಿಯನ್ನು ತುಂಬ ಮರ್ಯಾದೆಯಿಂದ ಅವನತ್ತ ಸರಿಸುತ್ತಾರೆ. ಪಟ್ಟಿ ಇದ್ದರೆ? ಇದ್ದರೆ, ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದ ಡಾಕ್ಟರನ ಹಾಗೆ. ಇದ್ದರೂ ಕೆಟ್ಟ, ಇರದಿದ್ದರೂ ಕೆಟ್ಟ. ಸುಮ್ಮನಿದ್ದರೆ ಮಾತ್ರ, ಎಂದು ಒಂದು ದನಿ ಹೇಳಿತು, ಸುಮ್ಮನಿದ್ದು ಏನೂ ಆಗದಿದ್ದರೆ ಮಾತ್ರ ನೀನು ಬಚಾವು. ಅವನಿಗೆ ಆ ದನಿಯ ಪರಿಚಯವಿತ್ತು. ಆಗ ಅವನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಅಕ್ಕ ಜ್ವರ ಬಂದು ಮಲಗಿದ್ದಳು, ಅಮ್ಮ ಒಲೆ ಬಿಟ್ಟು ಬರಲಾರದೆ ಒಳಗಿನಿಂದ ಕೇಳಿದಳು, "ಎಷ್ಟಿದೆ ನೋಡೋ." ಗಾಜಿನ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಎಷ್ಟು ತಿರುಗಿಸಿದರೂ ಪಾದರಸದ ಗೆರೆ ಅವನಿಗೆ ಕಾಣಿಸಲೇ ಇಲ್ಲ. ಕಾಣಲಿಲ್ಲವೆಂದರೆ ದಡ್ಡ ಎನ್ನುತ್ತಾರೆ. "ತೊಂಬತ್ತೊಂಬತ್ತು" ಎಂದು ಕೂಗಿದ. ಸಂಜೆ ಡಾಕ್ಟರು ನೋಡಿದಾಗ ನೂರ ಮೂರು. ಮಧ್ಯಾಹ್ನಕ್ಕೇ ಏರಿರಬೇಕು ಎಂದರು ಅವರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಬೆಳೆದು ಇಂಜಿನಿನ ಉಷ್ಣತೆ ನೋಡುವ ಕೆಲಸಕ್ಕೇ ಬಂದು ಬಿದ್ದ.

ಎಂಟನೇ ಸುತ್ತು ಮುಗಿಯುವ ಮುಂಚೆ ಅವನು ಅಡ್ಡಗೋಡೆಯ ಹತ್ತಿರ ಹೋಗಿ ಅಕ್ಕನ ಪಕ್ಕ ನಿಂತಿದ್ದ.

"ಒಳಗೆ ಕರಿ" ಎಂದ.

ಅಕ್ಕ ಸ್ಟಾಪ್‌ವಾಚಿನಿಂದ ಕಣ್ಣು ತೆಗೆಯಲಿಲ್ಲ. "ಯಾರನ್ನ?"

"ಭಾವನ್ನ. ಬಾಣ ಹಾಕು."

"ತಲೆ ಕೆಟ್ಟಿದೆಯೇನೋ? ಐದನೇದಲ್ಲಿದಾರೆ."

"ಹಬೆ ಬರ್ತಿದೆ. ನೋಡ್ದೆ ನಾನು."

ಆ ಮಾತು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ಅವನಿಗೂ ಹಬೆ ಕಂಡಿತು, ಹೊದಿಕೆಯ ಪಕ್ಕದಿಂದ ಎದ್ದು ಗಾಳಿಗೆ ಹರಿದುಹೋದ ಬಿಳಿ ಎಳೆ.

"ಎಲ್ಲಿ?"

"ಆ ಕಡೆ ತಿರುವಲ್ಲಿ."

"ನಾನು ದುರ್ಬೀನಲ್ಲಿ ಆ ತಿರುವನ್ನೇ ನೋಡ್ತಿದ್ದೆ."

"ನೀನು ಗಡಿಯಾರ ನೋಡ್ತಿದ್ದೆ."

ಅಕ್ಕ ಈಗ ಅವನ ಕಡೆ ತಿರುಗಿದಳು. ತಪ್ಪು ಉತ್ತರ ಬರೆದ ಹುಡುಗನ ಪುಸ್ತಕದ ಮೇಲೆ ಬಗ್ಗಿದಾಗ ಅವಳ ಮುಖ ಹೀಗೇ ಇರುತ್ತಿರಬೇಕು. ಉತ್ತರಕ್ಕಿಂತ ಹೆಚ್ಚಾಗಿ, ಅದು ಹೇಗೆ ಬಂತೆಂದು ಹುಡುಕುವ ಮುಖ. "ಖಂಡಿತ ನೋಡಿದ್ಯಾ?" ಎಂದಳು.

"ಖಂಡಿತ."

"ಹೋದ ಸಲಾನೂ ಖಂಡಿತ ಅಂದಿದ್ದೆ."

"ಬಿದ್ರೆ ನೀನೇ ಜವಾಬ್ದಾರಿ ಅಕ್ಕ."

ಅದನ್ನು ಹೇಳಬಾರದಿತ್ತು. ಅಕ್ಕ ಅಂಕಿ ಐದನ್ನು ಕಿತ್ತು ಕಾಲ ಬುಡಕ್ಕೆ ಹಾಕಿ, ಕೆಂಪು ಬಾಣ ತೂರಿಸಿ ಬೋರ್ಡು ಎತ್ತಿದಳು. ಐವತ್ತೇಳು ಹಾದುಹೋಯಿತು; ಹೆಲ್ಮೆಟ್ ಒಂದಿಷ್ಟು ಇತ್ತ ತಿರುಗಿದ ಹಾಗಾಯಿತು, ಅಷ್ಟೆ. ಬರುತ್ತಾರೋ ಇಲ್ಲವೋ ತಿಳಿಯಲು ಒಂದು ಸುತ್ತು ಕಾಯಬೇಕು, ಒಂದು ನಿಮಿಷ ನಲವತ್ತೆರಡು ಸೆಕೆಂಡು. ಆ ಹೊತ್ತಿನಲ್ಲಿ ಅವನು ಒಂದಕ್ಕೆ ಹಾರೈಸುತ್ತಿದ್ದುದನ್ನು ತಾನೇ ಗಮನಿಸಿದ: ಪಟ್ಟಿ ಅಲ್ಲಿರಲಿ. ದೇವರೇ, ಮರೆತೇ ಇರಲಿ. ಭಾವನ ಮೊಣಕಾಲ ಮುಂದೆ ಕುದಿಯುವ ನೀರು ನಿಜವಾಗಿರಲಿ, ತಾನು ಸುಳ್ಳಾಗದಿರಲಿ.

ಭಾವ ಬಂದರು.

ಅವನು ಸ್ಕ್ರೂಡ್ರೈವರ್ ಹಿಡಿದು ಮುಂದಿನ ಚಕ್ರದ ಎದುರು ಮೊಣಕಾಲೂರಿದ. ಬೆಂಕಿಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಝಳ ಬಡಿಯಿತು. ಪಟ್ಟಿ ಅಲ್ಲಿತ್ತು. ಎಲ್ಲಕ್ಕಿಂತ ಕೆಳಗೆ, ಒಂದು ಮೂಲೆ ಎದ್ದು ಅಲುಗುತ್ತ, ಅಂಟು ಕರಗಿ ರೇಡಿಯೇಟರಿನ ಎಲುಬುಗಳಿಗೆ ಡಾಂಬರಿನಂತೆ ಹತ್ತಿಕೊಂಡು. ಅವನಿಗೆ ಸಂತೋಷವಾಯಿತು. ಅದು ಒಂದು ಸೆಕೆಂಡೂ ಇರಲಿಲ್ಲ, ಆದರೆ ಸಂತೋಷವೇ.

"ಏನಾಗಿದೆ?" ಭಾವ ಹೆಲ್ಮೆಟ್ಟಿನೊಳಗಿಂದ ಕಿರುಚಿದರು. ಇಂಜಿನ್ ಓಡುತ್ತಲೇ ಇತ್ತು.

ಅವನು ಅಂಗೈಯಡಿಯಲ್ಲಿ ಪಟ್ಟಿಯನ್ನು ಮುಚ್ಚಿ ಎಳೆದ. ಚರ್ಮ ಸುಟ್ಟಿತು. ಇನ್ನೊಂದು ಕೈಯ ಸ್ಕ್ರೂಡ್ರೈವರನ್ನು ನೀರಿನ ಪೈಪಿನ ಕ್ಲಿಪ್ಪಿಗೆ ಕೊಟ್ಟು, ಬಿಗಿಯಾಗೇ ಇದ್ದ ತಿರುಪನ್ನು ಕಾಲು ಸುತ್ತು ತಿರುಗಿಸಿದ. "ಕ್ಲಿಪ್ ಸಡಿಲ ಆಗಿತ್ತು ಭಾವ. ಹಬೆ ಬರ್ತಿತ್ತು." ಎದ್ದು, ಅಂಕಿಯ ಮೇಲಿನ ಟೇಪು ಎತ್ತಿ ನೋಡಿದ. ನೂರ ಹದಿಮೂರು.

"ಎಷ್ಟು?"

"ನೂರ ಹದಿಮೂರು."

ಭಾವನ ಕಣ್ಣು ಗಾಜಿನ ಹಿಂದೆ ಅವನನ್ನೇ ನೋಡಿತು. "ಹೋಗಬಹುದಾ?"

"ಹೋಗಿ. ಯಾರ ಹಿಂದೆನೂ ಅಂಟ್ಕೋಬೇಡಿ."

ಇಪ್ಪತ್ತೆಂಟು ಸೆಕೆಂಡು ಹೋಗಿತ್ತು. ಅಕ್ಕ ಬೋರ್ಡಿನಲ್ಲಿ ಹದಿನಾಲ್ಕು ತೂರಿಸಿದಳು. ಉಳಿದ ಸುತ್ತುಗಳಲ್ಲಿ ಭಾವ ಈ ವರ್ಷ ಯಾವತ್ತೂ ಓಡಿಸದ ಹಾಗೆ ಓಡಿಸಿದರು. ಬೋರ್ಡಿನ ಅಂಕಿ ಹದಿಮೂರಾಯಿತು, ಹನ್ನೊಂದಾಯಿತು, ಒಂಬತ್ತಾಯಿತು. ಒಂಬತ್ತಕ್ಕೆ ಓಟ ಮುಗಿಯಿತು.

ಬೈಕು ತಳ್ಳಿಕೊಂಡು ಬರುವಷ್ಟರಲ್ಲಿ ಸುದ್ದಿ ಪಿಟ್ಟಿನ ಉದ್ದಕ್ಕೂ ಹರಡಿತ್ತು. ನೂರ ಹದಿಮೂರಂತೆ. ಅಷ್ಟು ದೂರದಿಂದ ಹಬೆ ಕಂಡನಂತೆ. ತಪಾಸಣೆಯ ಹಿರಿಯರು ಕನ್ನಡಕ ಏರಿಸಿ, ಪಕ್ಕದ ಭಾಗ ಬಿಚ್ಚಿದ ಹೊದಿಕೆಯೊಳಗೆ ಇಣುಕಿ, "ಗ್ಯಾಸ್ಕೆಟ್ ಹೋಗಿದ್ರೆ ಹಿಂದಿದ್ದ ನಾಲ್ಕು ಜನನೂ ಮಲಗ್ತಿದ್ರು" ಎಂದು ಪೆನ್ಸಿಲಿನಿಂದ ಏನೋ ಬರೆದುಕೊಂಡರು. ರೇಡಿಯೋ ತನ್ನ ಸ್ಪ್ಯಾನರ್ ವಾಪಸು ತೆಗೆದುಕೊಳ್ಳಲು ಬಂದವನು ತೆಗೆದುಕೊಳ್ಳದೆ ನಿಂತ. "ಹದ್ದಿನ ಕಣ್ಣು ಕಣಯ್ಯ ನಿಂದು. ಇನ್ಮೇಲೆ ಬಿಸ್ನೀರು ಅನ್ನಲ್ಲ, ನನ್ನಾಣೆ." ಅದು ತಮಾಷೆಯಾಗಿರಲಿಲ್ಲ. ಸುಟ್ಟ ಅಂಗೈಯನ್ನು ಬಿಗಿಹಿಡಿದು, ಯಾರಾದರೂ ಕೇಳಲಿ, ಒಬ್ಬರಾದರೂ ಸರಿಯಾಗಿ ಒಂದು ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದ. ಕೇಳಿದರೆ ಹೇಳಿಬಿಡುತ್ತೇನೆ. ಯಾರೂ ಕೇಳಲಿಲ್ಲ. ಭಾವ ಹೆಲ್ಮೆಟ್ ತೆಗೆದು, ಬೆವರಿನಲ್ಲಿ ತೊಯ್ದ ತಲೆಯೊಂದಿಗೆ ಬಂದು, ಅವನ ಭುಜ ಹಿಡಿದರು. ಹೋದ ವರ್ಷ ಬೆರಳು ಒರೆಸಿದ್ದ ಭುಜವೇ ಅದಾಗಿರಬಹುದು. "ನಿನ್ನಿಂದ ಉಳ್ಕೊಂಡೆ ಕಣೋ" ಎಂದರು. "ಹೋದ ಸಲದ್ದು ನಾನು ಮನಸಲ್ಲಿಟ್ಕೊಂಡಿದ್ದೆ. ತಪ್ಪು ನಂದು."

"ಭಾವ" ಎಂದ ಅವನು.

"ಆ ಕ್ಲಿಪ್ಪು ನೋಡ್ದೆ. ಹೊಸದೇ ಇದೆ, ಅದೊಂದರಿಂದ ಇಷ್ಟು ಬಿಸಿ ಆಗಲ್ಲ. ರೇಡಿಯೇಟರ್ ಒಳಗೇ ಕಟ್ಕೊಂಡಿರ್ಬೇಕು. ಅಲ್ವಾ?"

ಇದೇ ಆ ಪ್ರಶ್ನೆ. ಸರಿಯಾದ ಪ್ರಶ್ನೆ, ಸರಿಯಾದ ಬಾಯಿಂದ, ಸರಿಯಾದ ಹೊತ್ತಿಗೆ ಬಂದಿತ್ತು. ಭಾವನ ಮುಖದಲ್ಲಿ ಸೋತವನ ಕಳೆ ಇರಲಿಲ್ಲ. ಯಾರೋ ಕೈಯಿಂದ ಕಿತ್ತುಕೊಂಡರೂ ಗೆದ್ದದ್ದು ತಾನೇ ಎಂದು ತಿಳಿದವನ ಕಳೆ ಇತ್ತು. ಒಂಬತ್ತನೆಯವರಾಗಿ ಬಂದವರು ಹತ್ತು ವರ್ಷ ಕಿರಿಯರಂತೆ ಕಾಣುತ್ತಿದ್ದರು.

"ಇರಬಹುದು ಭಾವ" ಎಂದ.

"ಇರಬಹುದು ಏನು, ಅದೇ. ನಾನು ಎಲ್ಲೂ ತಪ್ಪು ಮಾಡ್ಲಿಲ್ಲ ಇವತ್ತು. ನೋಡಿದ್ಯಲ್ಲ, ಕೊನೇ ಏಳು ಸುತ್ತು? ಗಾಡಿ ಕೈಕೊಡದೇ ಇದ್ದಿದ್ರೆ ಮೂರನೇದು ನಂದೇ." ಭಾವ ತಿರುಗಿ, ಅಂಕಿಗಳನ್ನು ಕ್ರಮವಾಗಿ ಪೆಟ್ಟಿಗೆಗೆ ಜೋಡಿಸುತ್ತಿದ್ದ ಅಕ್ಕನಿಗೆ ಹೇಳಿದರು, "ಇದನ್ನ ಲೆಕ್ಕಕ್ಕೆ ಹಿಡೀಬಾರ್ದು ಕಣೇ. ಇದು ಸೋಲಲ್ಲ. ಇನ್ನೊಂದು ವರ್ಷ. ಒಂದೇ ಒಂದು."

ಅಕ್ಕ ತಮ್ಮನ ಬಲತೊಡೆಯನ್ನು ನೋಡುತ್ತಿದ್ದಳು. ಅವನೂ ಬಗ್ಗಿ ನೋಡಿದ. ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿ ಎಳೆದ ಮೇಲೆ ಏನು ಮಾಡಿದೆನೆಂದು ಅವನು ಯೋಚಿಸಿಯೇ ಇರಲಿಲ್ಲ. ಕೈ ತನ್ನ ಅಭ್ಯಾಸದ ಕೆಲಸ ಮಾಡಿ ಮುಗಿಸಿತ್ತು. ಎರಡು ಪಟ್ಟಿಗಳ ಕೆಳಗೆ ಮೂರನೆಯದು, ಅಂಟು ಕರಗಿ ಹೊಳೆಯುತ್ತ, ನೇರವಾಗಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿದಂತೆ ಇತ್ತು. ಓಟ ಶುರುವಾಗುವ ಮೊದಲು ಅವಳು ಆ ತೊಡೆಯನ್ನು ನೋಡಿದ್ದಳೇ? ಎಣಿಸಿದ್ದಳೇ? ಎಣಿಸದೆ ಇರುವವಳಲ್ಲ. ಅವಳು ಬಾಯಿ ತೆರೆದರೆ, ನಂಬುವ ಮೆಕ್ಯಾನಿಕ್ ಇಲ್ಲದೆ ಭಾವನ ಇನ್ನೊಂದು ವರ್ಷ ಅಲ್ಲಿಗೇ ನಿಲ್ಲುತ್ತಿತ್ತು, ತಮ್ಮನೂ ಅಲ್ಲಿಗೇ ನಿಲ್ಲುತ್ತಿದ್ದ. ಅವಳು ಗಂಡನ ಬೆನ್ನನ್ನು ನೋಡಿದಳು. ಅವರು ರೇಡಿಯೋಗೆ ಕೊನೆಯ ಏಳು ಸುತ್ತನ್ನು ಕೈಯಾಡಿಸಿ ವಿವರಿಸುತ್ತಿದ್ದರು, ಹುಡುಗನ ಹಾಗೆ ನಗುತ್ತ.

"ಆ ಪ್ಯಾಂಟು ಬದಲಾಯಿಸ್ಕೋ, ಹೋಗು" ಎಂದಳು ಅಕ್ಕ, ಮೆಲ್ಲಗೆ. "ಕೈಗೆ ಏನಾದ್ರೂ ಹಚ್ಕೋ."

ಬುಧವಾರ ಹೊಸ ರೇಡಿಯೇಟರ್ ಬಂತು. ಸುಟ್ಟ ಕೈಗೆ ಪಟ್ಟಿ ಕಟ್ಟಿದ್ದರಿಂದ ಜೋಡಿಸಲು ಅವನಿಗೆ ಎಂದಿಗಿಂತ ಒಂದು ಗಂಟೆ ಹೆಚ್ಚು ಹಿಡಿಯಿತು. ಗುರುವಾರ ಬೆಳಗ್ಗೆ ಭಾವ ಮುಂದಿನ ವರ್ಷದ ಅರ್ಜಿ ತುಂಬಿ ಕಳಿಸಿದರು.